ಸ್ಪೈನೋಸಾರಸ್ ಈಜಿ ಹಿಡಿಯಿತೋ, ನಿಂತು ಹಿಡಿಯಿತೋ?

ಸ್ಪೈನೋಸಾರಸ್ ಎಂಬ ಡೈನೋಸಾರ್‌ನ ಬೇಟೆಯ ಬಗೆಯನ್ನು ಹುಡುಕಿ ಹೊರಟವರು ಮೂಳೆಗಿಂತ ಮೊದಲು ಕಾಗದವನ್ನು ನೋಡಬೇಕು. ಮೊದಲು ಸಿಕ್ಕ ಮೂಳೆಗಳು ಇಂದು ಇಲ್ಲ. ಈಜಿಪ್ಟಿನ ಬಹರಿಯಾ ಓಯಸಿಸ್‌ನಲ್ಲಿ 1912ರಲ್ಲಿ ರಿಚರ್ಡ್ ಮಾರ್ಕ್‌ಗ್ರಾಫ್ ಎಂಬವರು ಅವನ್ನು ಅಗೆದು ತೆಗೆದರು. ಜರ್ಮನಿಯ ಪಳೆಯುಳಿಕೆ ತಜ್ಞ ಅರ್ನ್ಸ್ಟ್ ಸ್ಟ್ರೋಮರ್ 1915ರಲ್ಲಿ ಅವನ್ನು ವಿವರಿಸಿ ಹೆಸರಿಟ್ಟರು. 1944ರ ಏಪ್ರಿಲ್ 24ರ ರಾತ್ರಿ ಮ್ಯೂನಿಕ್ ಮೇಲೆ ಬಿದ್ದ ಬಾಂಬಿಗೆ ಅವನ್ನಿಟ್ಟಿದ್ದ ವಸ್ತುಸಂಗ್ರಹಾಲಯದೊಂದಿಗೆ ಅವೂ ಸುಟ್ಟುಹೋದವು. ಬೇರೆಡೆ ಸಾಗಿಸಿ ಎಂದು ಸ್ಟ್ರೋಮರ್ ಕೇಳಿಕೊಂಡಿದ್ದರು, ಯಾರೂ ಕಿವಿಗೊಡಲಿಲ್ಲ.

ಉಳಿದದ್ದು ಅವರ ಬರಹ ಮತ್ತು ಚಿತ್ರಗಳು. ಸ್ಟ್ರೋಮರ್ ಕುಟುಂಬ ಒಪ್ಪಿಸಿದ ಕಾಗದಪತ್ರಗಳಲ್ಲಿ ಆ ಮೂಳೆಗಳ ಹಳೆಯ ಫೋಟೋಗಳು ಸಿಕ್ಕವು, 2006ರಲ್ಲಿ ಅಚ್ಚಾದವು. ಇವುಗಳಲ್ಲಿ ಕಾಣುವುದು ಇಷ್ಟು: ಬೆನ್ನಿನ ಮೇಲೆ 1.65 ಮೀಟರ್ ಎತ್ತರದ ಮುಳ್ಳುಗಳು, ಉದ್ದನೆಯ ಕೆಳದವಡೆ, ಮೊಸಳೆಯಂತೆ ಗರಗಸವಿಲ್ಲದ ದುಂಡು ಹಲ್ಲು. ಮಾಂಸ ಕೊಯ್ಯಲು ಅಲ್ಲ, ಜಾರುವ ಬೇಟೆಯನ್ನು ಬಿಗಿಹಿಡಿಯಲು ಆಗುವ ಹಲ್ಲು ಅದು.

ಹಲ್ಲು ಹೇಳುವುದು ಸಾಧ್ಯತೆಯನ್ನು. ಊಟವನ್ನು ಹೇಳುವುದು ಹೊಟ್ಟೆ. ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುವ ದಾಖಲೆ ಸ್ಪೈನೋಸಾರಸ್‌ನ ಬಂಧುವಾದ ಬೇರಿಯೊನಿಕ್ಸ್‌ನದು. 1983ರಲ್ಲಿ ಇಂಗ್ಲೆಂಡಿನ ಸರ್ರೆಯ ಜೇಡಿಮಣ್ಣಿನ ಗಣಿಯೊಂದರಲ್ಲಿ ವಿಲಿಯಂ ವಾಕರ್ ಎಂಬ ಹವ್ಯಾಸಿಗೆ ಅದರ ದೊಡ್ಡ ಉಗುರು ಸಿಕ್ಕಿತು. ಆಮೇಲೆ ಅಗೆದ ಅಸ್ಥಿಪಂಜರದ ಪಕ್ಕೆಲುಬುಗಳ ನಡುವೆ ಮೀನಿನ ಹುರುಪೆಗಳಿದ್ದವು, ಅವು ಹೊಟ್ಟೆಯ ಆಮ್ಲದಿಂದ ಸವೆದಿದ್ದವು. ಅದೇ ದೇಹದಲ್ಲಿ ಮರಿ ಇಗ್ವಾನೊಡಾನ್‌ನ ಮೂಳೆಗಳೂ ಇದ್ದವು. ಅಂದರೆ ಇದು ಮೀನೊಂದನ್ನೇ ನಂಬಿದ ಪ್ರಾಣಿಯಲ್ಲ. ದಡದಲ್ಲಿ ಸಿಕ್ಕಿದ್ದನ್ನೂ ಬಿಡುತ್ತಿರಲಿಲ್ಲ. ಬ್ರೆಜಿಲ್‌ನಲ್ಲಿ ಹಾರುವ ಸರೀಸೃಪವೊಂದರ ಕತ್ತಿನ ಮೂಳೆಯಲ್ಲಿ ಈ ವಂಶದ ಹಲ್ಲೊಂದು ನೆಟ್ಟು ಉಳಿದದ್ದೂ ಅದನ್ನೇ ಹೇಳುತ್ತದೆ. ಸ್ಪೈನೋಸಾರಸ್‌ನ ಮಟ್ಟಿಗೆ ಹತ್ತಿರದ ಸಾಕ್ಷಿ ಮಿಲಾನ್ ಸಂಗ್ರಹಾಲಯದಲ್ಲಿರುವ ಅದರ ಮೂತಿ. ಅದರ ಹಲ್ಲಿನ ಗೂಡಿನಲ್ಲಿ ಗರಗಸ ಮೀನಿನ ಬೆನ್ನುಮೂಳೆ ಸಿಕ್ಕಿಕೊಂಡಿತ್ತು.

ಮುಂದಿನ ಕಥೆ ಮೊರಾಕ್ಕೊದ ಕೆಮ್ ಕೆಮ್ ಪ್ರದೇಶದ್ದು. ಅಲ್ಲಿ ಮೂಳೆ ಅಗೆದು ಮಾರುವುದು ಜನರ ಕಸುಬು. ಎಲ್ಲಿ, ಯಾವ ಪದರದಲ್ಲಿ ಸಿಕ್ಕಿತೆಂದು ಬರೆದಿಡುವವರು ಕಡಿಮೆ. ಪಳೆಯುಳಿಕೆ ತಜ್ಞ ನಿಜಾರ್ ಇಬ್ರಾಹಿಮ್ ಸ್ಪೈನೋಸಾರಸ್‌ನ ಮೂಳೆ ಮಾರಿದ ಮನುಷ್ಯನನ್ನೇ ಹುಡುಕಿಕೊಂಡು ಹೋದರು, 2013ರಲ್ಲಿ ಕಂಡರು. ಆತ ತೋರಿಸಿದ ಜಾಗದಿಂದಲೇ 2014ರ ಪ್ರಬಂಧ ಹುಟ್ಟಿತು: ಗಿಡ್ಡ ಹಿಂಗಾಲು, ಗಟ್ಟಿ ಮೂಳೆ. 2020ರಲ್ಲಿ ಅಲ್ಲಿಂದಲೇ ಅಗಲವಾದ ಬಾಲ ಬಂತು. ನೀರಿಗಿಳಿದು ಅಟ್ಟಿಸಿಕೊಂಡು ಹಿಡಿಯುವ ಡೈನೋಸಾರ್ ಎಂಬ ವಾದ ಆ ಬಾಲದ ಮೇಲೆ ನಿಂತಿದೆ.

ಎದುರು ವಾದವೂ ಗಟ್ಟಿಯಾಗಿದೆ. ಸ್ಪೈನೋಸಾರಸ್ ನೀರಿನಲ್ಲಿ ಮುಳುಗುವುದೇ ಕಷ್ಟ, ಸಮತೋಲವೂ ಕಡಿಮೆ ಎಂದು 2018ರಲ್ಲಿ ಡೊನಾಲ್ಡ್ ಹೆಂಡರ್ಸನ್ ಲೆಕ್ಕ ಹಾಕಿದರು. ಡೇವಿಡ್ ಹೋನ್ ಮತ್ತು ಥಾಮಸ್ ಹೋಲ್ಟ್ಜ್ 2021ರಲ್ಲಿ ಕೊಕ್ಕರೆಯಂತೆ ದಡದಲ್ಲಿ, ಆಳವಿಲ್ಲದ ನೀರಿನಲ್ಲಿ ನಿಂತು ಗಬಕ್ಕನೆ ಬಾಚುವ ಬೇಟೆಯನ್ನು ಮುಂದಿಟ್ಟರು. ಗಟ್ಟಿ ಮೂಳೆಯೆಂದರೆ ಮುಳುಗು ಹಾಕುವ ಪ್ರಾಣಿ ಎಂದು 2022ರಲ್ಲಿ ಒಂದು ತಂಡ ಬರೆದರೆ, 2024ರಲ್ಲಿ ಇನ್ನೊಂದು ತಂಡ ಆ ಅಂಕಿಅಂಶದ ವಿಧಾನವನ್ನೇ ಪ್ರಶ್ನಿಸಿತು.

ಕಾಗದಗಳನ್ನೆಲ್ಲ ಎದುರಿಗಿಟ್ಟುಕೊಂಡರೆ ನನಗೆ ಹೋನ್ ಮತ್ತು ಹೋಲ್ಟ್ಜ್ ಹೇಳಿದ್ದೇ ಹೆಚ್ಚು ಒಪ್ಪುತ್ತದೆ. ಬಾಲವಿದ್ದ ಮಾತ್ರಕ್ಕೆ ಓಡುವ ಮೀನನ್ನು ಬೆನ್ನಟ್ಟಬೇಕೆಂದಿಲ್ಲ. ಒಂದು ದಡದಿಂದ ಇನ್ನೊಂದು ದಡಕ್ಕೆ ಹೋಗಲೂ ಅದು ಬೇಕು. ನೀರಿನಲ್ಲಿ ನಿಂತೇ ಮೀನು ಹಿಡಿಯಬಲ್ಲ, ಅದೇ ದಡದಲ್ಲಿ ಮರಿ ಡೈನೋಸಾರ್‌ಗಳನ್ನೂ ಹಿಡಿಯಬಲ್ಲ ಪ್ರಾಣಿಯೆಂದರೆ ಎಲ್ಲ ಸಾಕ್ಷಿಗಳೂ ಕೂಡಿಬರುತ್ತವೆ. ಸ್ಪೈನೋಸಾರಸ್‌ನದೇ ಹೊಟ್ಟೆಯ ಊಟ ಸಿಕ್ಕಿದ ದಿನ ಈ ವಾದ ಮುಗಿಯುತ್ತದೆ. ಅದು ಸಿಗಬೇಕಾದರೆ ಕೆಮ್ ಕೆಮ್‌ನ ಮೂಳೆಗಳು ಮಾರುಕಟ್ಟೆಗೆ ಹೋಗುವ ಮೊದಲು ಅವು ಸಿಕ್ಕ ಜಾಗವನ್ನು ಬರೆದಿಡುವ ಕೆಲಸ ನಡೆಯಬೇಕು.