ಊರಿನ ಮುಖ ತೋರಿಸಿದ ತಂತಿ

ಎರಡು ವರ್ಷಕ್ಕೊಮ್ಮೆ ಜನವರಿ 18ರ ನಸುಕಿನಲ್ಲಿ ಉಡುಪಿಯ ಜೋಡುಕಟ್ಟೆಯಿಂದ ಪರ್ಯಾಯದ ಮೆರವಣಿಗೆ ಹೊರಡುತ್ತದೆ. ರಥಬೀದಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕಾಪು, ಕಾರ್ಕಳದ ಕಡೆ ಮನೆಯಲ್ಲೇ ಉಳಿದ ಹಿರಿಯರು ಅದೇ ಹೊತ್ತಿಗೆ ಟಿ.ವಿ. ಹಾಕಿ ಕುಳಿತಿರುತ್ತಾರೆ. ರಾಜ್ಯಮಟ್ಟದ ವಾಹಿನಿಗಳಿಗೆ ಪರ್ಯಾಯವೆಂದರೆ ಕೆಲವು ನಿಮಿಷಗಳ ಸುದ್ದಿ. ಸ್ಥಳೀಯ ಕೇಬಲ್ ವಾಹಿನಿಗೆ ಅದು ಗಂಟೆಗಟ್ಟಲೆ ನಡೆಯುವ ನೇರ ಪ್ರಸಾರ. ಹುಲಿವೇಷ, ಚೆಂಡೆ, ಸ್ತಬ್ಧಚಿತ್ರಗಳ ನಡುವೆ ಪರಿಚಯದ ಮುಖವೊಂದು ಹಾದುಹೋದರೆ ಮನೆಮಂದಿಗೆಲ್ಲ ಕರೆದು ತೋರಿಸುವ ಸಂಭ್ರಮ.

ಊರಿನ ಜನ ತಮ್ಮನ್ನು ತಾವೇ ಪರದೆಯ ಮೇಲೆ ಕಾಣುವ ಈ ಅವಕಾಶ ಕರಾವಳಿಗೆ ತಡವಾಗಿ ಬಂತು. ಬಂದದ್ದು ಸರಕಾರದ ಗೋಪುರದಿಂದಲ್ಲ, ತೆಂಗಿನ ಮರದಿಂದ ಮರಕ್ಕೆ ಎಳೆದ ಕಪ್ಪು ತಂತಿಯಿಂದ.

ಕರ್ನಾಟಕದಲ್ಲಿ ಟೆಲಿವಿಷನ್ ಮೊದಲು ಕಾಲಿಟ್ಟದ್ದು ರಾಜಧಾನಿಗಲ್ಲ, ಬಿಸಿಲ ನಾಡಿನ ಹಳ್ಳಿಗಳಿಗೆ. 1975ರ ಆಗಸ್ಟ್ 1ರಂದು ಆರಂಭವಾದ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕೃಷಿ, ಆರೋಗ್ಯ, ಶಿಕ್ಷಣದ ಕಾರ್ಯಕ್ರಮಗಳು ತಲುಪಿದವು. ಅಂದಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು ಅದರಲ್ಲಿದ್ದವು. ಬೆಂಗಳೂರು ದೂರದರ್ಶನ ಆರಂಭವಾದದ್ದು 1981ರಲ್ಲಿ.

ಆದರೆ ಬೆಂಗಳೂರಿಗೂ ಉಡುಪಿಗೂ ನಡುವೆ ಸುಮಾರು 400 ಕಿಲೋಮೀಟರ್ ದಾರಿಯಿದೆ, ಅಡ್ಡಲಾಗಿ ಪಶ್ಚಿಮ ಘಟ್ಟವಿದೆ. ಟಿ.ವಿ. ತರಂಗಗಳು ಬಹುಮಟ್ಟಿಗೆ ನೇರ ಗೆರೆಯಲ್ಲಿ ಸಾಗುವುದರಿಂದ ಬೆಟ್ಟವನ್ನು ದಾಟಲಾರವು. ಇನ್ಸಾಟ್ ಉಪಗ್ರಹ ಬಂದ ಬಳಿಕ 1984ರ ಸುಮಾರಿಗೆ ದೇಶದ ಸಣ್ಣ ಪಟ್ಟಣಗಳಲ್ಲೂ ಕಡಿಮೆ ಶಕ್ತಿಯ ಮರುಪ್ರಸಾರ ಕೇಂದ್ರಗಳು ತಲೆಯೆತ್ತಿದವು. ಅವುಗಳಿಗೆ ಸ್ಟುಡಿಯೋ ಇರಲಿಲ್ಲ, ಕೆಮರಾ ಇರಲಿಲ್ಲ. ಆಕಾಶದಿಂದ ಬಂದದ್ದನ್ನು ಸುತ್ತಲಿನ ಊರುಗಳಿಗೆ ಹಂಚುವುದಷ್ಟೇ ಅವುಗಳ ಕೆಲಸ. ‘ರಾಮಾಯಣ’, ‘ಮಹಾಭಾರತ’ಗಳನ್ನು ನೋಡಲು ನೆರೆಮನೆಯ ಚಾವಡಿಯಲ್ಲಿ ಜನ ಕಿಕ್ಕಿರಿದ ಕಾಲ ಅದು.

ಕರಾವಳಿ ಪರದೆಯ ಮೇಲೆ ಕಾಣಲೇ ಇಲ್ಲವೆಂದಲ್ಲ. ಮೂಲ್ಕಿಯ ಸದಾನಂದ ಸುವರ್ಣ ಅವರು ದೂರದರ್ಶನಕ್ಕಾಗಿ ನಿರ್ದೇಶಿಸಿದ ‘ಗುಡ್ಡದ ಭೂತ’ ಧಾರಾವಾಹಿ ತುಳುನಾಡಿನ ಹಳ್ಳಿಯ ಕಥೆಯನ್ನು ನಾಡಿನ ಮನೆಮನೆಗೆ ಒಯ್ದಿತು. ಅದರ ಶೀರ್ಷಿಕೆ ಗೀತೆಯನ್ನು ಗುನುಗುವವರು ಇಂದಿಗೂ ಇದ್ದಾರೆ. ಆದರೆ ಅಂಥ ಅವಕಾಶ ಅಪರೂಪದ್ದು. ಊರಿನ ದಿನನಿತ್ಯದ ಸುದ್ದಿಗೆ, ತುಳು, ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡದ ಮಾತಿಗೆ ದೂರದ ಸ್ಟುಡಿಯೋದಲ್ಲಿ ಹೆಚ್ಚು ಜಾಗವಿರಲಿಲ್ಲ. 1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿ ಈ ಕೊರತೆಯನ್ನು ಕಿವಿಯ ಮಟ್ಟಿಗೆ ತುಂಬಿತ್ತು. ಕಣ್ಣಿಗೆ ಅಂಥದೊಂದು ಆಸರೆ ಇರಲಿಲ್ಲ.

1991ರ ಕೊಲ್ಲಿ ಯುದ್ಧದ ನಂತರ ಚಿತ್ರ ಬದಲಾಯಿತು. ವಿದೇಶಿ ವಾಹಿನಿಗಳನ್ನು ಹಿಡಿಯಲು ಡಿಷ್ ನೆಟ್ಟು, ತಂತಿ ಎಳೆದು, ತಿಂಗಳ ಬಾಡಿಗೆಗೆ ಮನೆಮನೆಗೆ ಸಂಪರ್ಕ ಕೊಡುವ ಕೇಬಲ್ ಆಪರೇಟರುಗಳು ಊರೂರಲ್ಲಿ ಹುಟ್ಟಿಕೊಂಡರು. 1994ರಲ್ಲಿ ಉದಯ ಟಿ.ವಿ. ಬಂದ ಮೇಲೆ ಬೇಡಿಕೆ ಇನ್ನೂ ಏರಿತು. ಅದೇ ವರ್ಷದ ಸುಗ್ರೀವಾಜ್ಞೆ, ಅದರ ಬೆನ್ನಿಗೆ 1995ರ ಕೇಬಲ್ ಟೆಲಿವಿಷನ್ ಕಾಯಿದೆ ಈ ವ್ಯವಹಾರಕ್ಕೆ ಕಾನೂನಿನ ಚೌಕಟ್ಟು ಒದಗಿಸಿದವು. ಆಗ ಆಪರೇಟರು ಹೆಸರು ನೋಂದಾಯಿಸಬೇಕಾದದ್ದು ಪ್ರಧಾನ ಅಂಚೆ ಕಚೇರಿಯಲ್ಲಿ!

ಉಪಗ್ರಹ ವಾಹಿನಿಗಳ ಜತೆಗೆ ಆಪರೇಟರನ ಕೈಯಲ್ಲಿ ಒಂದೆರಡು ಚಾನೆಲ್ ಖಾಲಿ ಉಳಿಯುತ್ತಿತ್ತು. ವಿಸಿಆರ್ ಜೋಡಿಸಿ ಸಿನಿಮಾ ಹಾಕುವುದರಿಂದ ಅದರ ಬಳಕೆ ಶುರುವಾಯಿತು. ಮದುವೆ ವಿಡಿಯೋ ತೆಗೆಯುವವರ ಕೆಮರಾ ಜಾತ್ರೆ, ಶಾಲಾ ವಾರ್ಷಿಕೋತ್ಸವಗಳತ್ತ ತಿರುಗಿದಾಗ ಅದೇ ಚಾನೆಲ್ ಸ್ಥಳೀಯ ವಾಹಿನಿಯಾಯಿತು. ಸಂಜೆಯ ಊರಿನ ವಾರ್ತೆ, ಶ್ರದ್ಧಾಂಜಲಿ, ಅಂಗಡಿಗಳ ಜಾಹೀರಾತು, ತುಳು ನಾಟಕ, ಕಂಬಳ, ದೇವಸ್ಥಾನದ ಬ್ರಹ್ಮಕಲಶ, ಅತ್ತೂರು ಚರ್ಚಿನ ಹಬ್ಬ, ಎಲ್ಲಕ್ಕಿಂತ ಮಿಗಿಲಾಗಿ ಯಕ್ಷಗಾನ. ರಾತ್ರಿ ಒಂಬತ್ತರಿಂದ ಬೆಳಗಿನವರೆಗಿನ ಆಟವನ್ನು ಯಾವ ದೊಡ್ಡ ವಾಹಿನಿಯೂ ಪೂರ್ತಿ ತೋರಿಸಲಾರದು. ಸ್ಥಳೀಯ ವಾಹಿನಿಗೆ ಸಮಯದ ಬರವಿಲ್ಲ.

ಭಾಷೆಯ ಪ್ರಶ್ನೆಯೂ ಇಲ್ಲಿದೆ. 2011ರ ಜನಗಣತಿಯ ಪ್ರಕಾರ ತುಳು ಮಾತೃಭಾಷಿಕರು 18.46 ಲಕ್ಷ. ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ ಸ್ಥಾನ ಸಿಗದ ಈ ಭಾಷೆಗೆ ಪರದೆಯ ಮೇಲೆ ನಿತ್ಯದ ಸ್ಥಾನ ಕೊಟ್ಟದ್ದು ಕೇಬಲ್ ವಾಹಿನಿಗಳು.

ಡಿಜಿಟಲೀಕರಣ ಈ ಸಣ್ಣ ಉದ್ಯಮವನ್ನು ಅಲುಗಾಡಿಸಿತು. 2017ರ ಮಾರ್ಚ್ 31 ಗ್ರಾಮೀಣ ಭಾಗದಲ್ಲೂ ಅನಲಾಗ್ ಕೇಬಲ್ ನಿಲ್ಲಿಸಲು ನೀಡಿದ್ದ ಕೊನೆಯ ಗಡುವು. ಸೆಟ್‌ಟಾಪ್ ಬಾಕ್ಸ್ ಬಂದಾಗ ಸಣ್ಣ ಆಪರೇಟರುಗಳು ದೊಡ್ಡ ಜಾಲಗಳನ್ನು ಸೇರಬೇಕಾಯಿತು, ಖಾಲಿ ಚಾನೆಲ್ ಅವರ ಕೈ ತಪ್ಪಿತು. ಕೇಂದ್ರ ಸರಕಾರ 2022ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ ಇಂಥ ಸ್ಥಳೀಯ ವಾಹಿನಿಗಳ ಸಂಖ್ಯೆಯನ್ನು ಜಾಲದ ಒಟ್ಟು ಸಾಮರ್ಥ್ಯದ ಶೇ. 5ಕ್ಕೆ ಮಿತಿಗೊಳಿಸಿತು. ಅನೇಕ ವಾಹಿನಿಗಳು ಯೂಟ್ಯೂಬನ್ನೂ ಆಶ್ರಯಿಸಿದವು. ಇದರಿಂದ ಮುಂಬೈ, ದುಬೈಗಳಲ್ಲಿರುವ ಊರವರಿಗೂ ರಥಬೀದಿ ಹತ್ತಿರವಾಯಿತು.

ಆದರೆ ಹಳೆಯ ಟೇಪುಗಳ ಗತಿಯೇನು? ಸಾಮಾನ್ಯ ವಿಎಚ್‌ಎಸ್ ಕ್ಯಾಸೆಟ್ ಹಿಡಿಯುತ್ತಿದ್ದದ್ದು ಮೂರು ಗಂಟೆ. ಒಂದು ಇಡೀ ರಾತ್ರಿಯ ಆಟಕ್ಕೆ ಮೂರು ಕ್ಯಾಸೆಟ್ ಬೇಕು. ಹಣ ಉಳಿಸಲು ಅದೇ ಕ್ಯಾಸೆಟ್ಟಿನ ಮೇಲೆ ಮತ್ತೊಂದನ್ನು ಮುದ್ರಿಸುವುದು ಸುಲಭ. ಉಳಿದದ್ದಕ್ಕೆ ಕರಾವಳಿಯ ಮಳೆಗಾಲದ ಬೂಷ್ಟು ಹಿಡಿಯುತ್ತದೆ. 1954ರ ಕಾಯಿದೆ ಪ್ರಕಾರ ಪ್ರಕಟವಾದ ಪ್ರತಿ ಪುಸ್ತಕದ ಪ್ರತಿ ರಾಷ್ಟ್ರೀಯ ಗ್ರಂಥಾಲಯ ಸೇರಬೇಕು. 1956ರ ತಿದ್ದುಪಡಿ ಪತ್ರಿಕೆಗಳನ್ನೂ ಸೇರಿಸಿತು. ಸ್ಥಳೀಯ ವಾಹಿನಿಯ ಕಾರ್ಯಕ್ರಮಗಳನ್ನು ಕಾಯ್ದಿಡಬೇಕೆಂದು 2022ರ ಮಾರ್ಗಸೂಚಿ ಹೇಳುವ ಅವಧಿ ಕೇವಲ 90 ದಿನ.

ಕಾಪಿಡುವುದು ಹೇಗೆಂಬುದಕ್ಕೆ ದೂರ ಹುಡುಕಬೇಕಿಲ್ಲ. ಕು.ಶಿ. ಹರಿದಾಸ ಭಟ್ಟರು ಉಡುಪಿಯ ಎಂಜಿಎಂ ಕಾಲೇಜಿನ ಆವರಣದಲ್ಲಿ ಕಟ್ಟಿದ ಜಾನಪದ ರಂಗಕಲೆಗಳ ಕೇಂದ್ರ ಭೂತಾರಾಧನೆ, ಯಕ್ಷಗಾನಗಳನ್ನು ಧ್ವನಿ, ದೃಶ್ಯಗಳಲ್ಲಿ ದಾಖಲಿಸಿತು. ವಿದ್ವಾಂಸರು ಆರಿಸಿ ತೆಗೆದ ಚಿತ್ರಗಳು ಅವು. ಕೇಬಲ್ ವಾಹಿನಿ ಆರಿಸದೆ ತೆಗೆದ ಚಿತ್ರಗಳಲ್ಲಿ ಸಂತೆ, ಸಭೆ, ಮೆರವಣಿಗೆಗಳ ಸಾಮಾನ್ಯ ಜನರಿದ್ದಾರೆ. ಯಾರದೋ ಅಟ್ಟದ ಮೇಲೆ ಇನ್ನೂ ಉಳಿದಿರಬಹುದಾದ ಆ ಕ್ಯಾಸೆಟ್ಟುಗಳು ಬೂಷ್ಟಿನ ಪಾಲಾಗುವ ಮುನ್ನ ಅಂಥದೊಂದು ಕೇಂದ್ರದ ಕಪಾಟು ಸೇರಿದರೆ, ಮುಂದಿನ ತಲೆಮಾರಿಗೆ ತಮ್ಮ ಅಜ್ಜ ಅಜ್ಜಿಯರ ಊರನ್ನು ಕಣ್ಣಾರೆ ಕಾಣುವ ಭಾಗ್ಯ ಸಿಕ್ಕೀತು.