ಒಡೆಯನನ್ನು ಅರಸುವ ನಾಯಿ



ಬೈಂದೂರಿನ ರೈಲು ನಿಲ್ದಾಣಕ್ಕೆ ಮೂಕಾಂಬಿಕಾ ರೋಡ್ ಎಂಬ ಹೆಸರೂ ಉಂಟು. ಕೊಲ್ಲೂರಿಗೆ ಹೋಗತಕ್ಕ ಯಾತ್ರಿಕರು ಇಳಿಯುವುದು ಅಲ್ಲಿಯೇ. ಒಂದು ಮಳೆಗಾಲದ ಬೆಳಗ್ಗೆ ನಾನು ಅಲ್ಲಿ ಇಳಿದಾಗ ಕಂದುಬಣ್ಣದ ನಾಯಿಯೊಂದು ಪ್ರಯಾಣಿಕರಲ್ಲಿ ಒಬ್ಬೊಬ್ಬರ ಹಿಂದೆಯೂ ಹತ್ತು ಹೆಜ್ಜೆ ನಡೆದು, ಅವರು ತಿರುಗಿ ನೋಡದೆ ಹೋದುದನ್ನು ಕಂಡು, ಮತ್ತೊಬ್ಬರ ಬೆನ್ನು ಹಿಡಿಯುತ್ತಿದ್ದಿತು. ಕಟ್ಟಕಡೆಗೆ ನನ್ನ ಸರದಿ ಬಂದಿತು. ನಾನೂ ತಿರುಗಿ ನೋಡಲಿಲ್ಲ. ಈ ಭಾಷಣವು ಆ ದಿನದ ಸಣ್ಣದೊಂದು ನಾಚಿಕೆಯಿಂದ ಹುಟ್ಟಿದ್ದೆಂದು ಮೊದಲೇ ಒಪ್ಪಿಕೊಳ್ಳುತ್ತೇನೆ.

ಆಗ ನೆನಪಿಗೆ ಬಂದುದು ಅಮೆರಿಕದ ವಾರ್ನರ್ ಬ್ರದರ್ಸ್ ಸಂಸ್ಥೆಗಾಗಿ ಚಕ್ ಜೋನ್ಸ್ ಎಂಬಾತನು 1947ರಲ್ಲಿ ನಿರ್ದೇಶಿಸಿದ ‘ಲಿಟ್ಲ್ ಆರ್ಫನ್ ಏರ್‌ಡೇಲ್’ ಎಂಬ ಕಿರು ವ್ಯಂಗ್ಯಚಲಚ್ಚಿತ್ರ. ಅದರಲ್ಲಿ ಚಾರ್ಲಿ ಎಂಬ ಅನಾಥ ನಾಯಿಯು ಪೋರ್ಕಿ ಎಂಬ ಹಂದಿಯ ಮನೆಗೆ ನುಗ್ಗಿ, ತನ್ನನ್ನು ಸಾಕಿಕೊಳ್ಳಬೇಕೆಂದು ಹಟ ಹಿಡಿಯುತ್ತದೆ. ತಾನು ಅರ್ಧ ಈ ತಳಿ, ಅರ್ಧ ಆ ತಳಿ, ಇನ್ನರ್ಧ ಮತ್ತೊಂದು ತಳಿ ಎಂದು ಅದು ಹೇಳಿಕೊಳ್ಳುವ ಅರ್ಧಗಳನ್ನು ಕೂಡಿಸಿದರೆ ಒಂದು ನಾಯಿಯೊಳಗೆ ಹಲವು ನಾಯಿಗಳಾಗುತ್ತವೆ! ನೋಡಿದವರು ನಗದೆ ಇರಲಾರರು. ಆದರೆ ಆ ನಗೆಯ ಕೆಳಗೆ ಒಂದು ಪ್ರಶ್ನೆ ಅಡಗಿದೆ. ನಾಯಿಗೆ ಒಡೆಯನಿರಲೇಬೇಕೆಂದು, ಒಡೆಯನಿಲ್ಲದಿದ್ದರೆ ಅದು ಬದುಕಲು ತನ್ನ ಯೋಗ್ಯತೆಯನ್ನು ಸಾರಿಕೊಳ್ಳಬೇಕೆಂದು ವಿಧಿಸಿದವರು ಯಾರು?

ಈ ಪ್ರಶ್ನೆಗೆ ನಮ್ಮ ನಾಡಿನ ಒಂದು ಕಲ್ಲು ಉತ್ತರ ಹೇಳಬಲ್ಲುದು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಈ ಶಾಸನದ ಕಾಲ ಶಕವರ್ಷ 872, ಅಂದರೆ ಕ್ರಿ.ಶ. 949–50. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ಚೋಳ ರಾಜಾದಿತ್ಯನೊಡನೆ ತಕ್ಕೋಲದಲ್ಲಿ ಕಾದಿದಾಗ, ಕೃಷ್ಣನ ಪಕ್ಷದಲ್ಲಿದ್ದ ಗಂಗ ಬೂತುಗನು ರಾಜಾದಿತ್ಯನನ್ನು ಕೊಂದನು. ಬೂತುಗನ ಮುಂದೆ ನಿಂತು ವೀರಾವೇಶದಿಂದ ಹೋರಾಡಿದವನು ಮಣಲೆರನೆಂಬ ಸೇವಕ. ಮೆಚ್ಚಿದ ಬೂತುಗನು ಬೇಕಾದುದನ್ನು ಬೇಡಿಕೊಳ್ಳೆಂದು ಹೇಳಿದನು. ಮಣಲೆರನು ಮೊದಲು ಬೇಡಿದುದು ಹೊನ್ನನ್ನಲ್ಲ, ಮಣ್ಣನ್ನಲ್ಲ. ಕಾಳಿ ಎಂಬ ಬೇಟೆಯ ನಾಯಿಯನ್ನು.

ಮುಂದೆ ಕೆಳಲೆನಾಡಿನ ಬೆಳತೂರಿನ ಪಡುವಣ ಗುಡ್ಡದಲ್ಲಿ ಕಾಳಿಯನ್ನು ಒಂದು ಹಿರಿಯ ಹಂದಿಯ ಮೇಲೆ ಬಿಟ್ಟರು. ನಾಯಿಯೂ ಹಂದಿಯೂ ಪರಸ್ಪರ ಹೋರಾಡಿ ಒಟ್ಟಿಗೆ ಸತ್ತವು. ಅದರ ನೆನಪಿಗಾಗಿ ಆತಕೂರಿನ ಚೆಲ್ಲೇಶ್ವರ ದೇವಾಲಯದ ಮುಂದೆ ಕಲ್ಲನ್ನು ನೆಡಿಸಿ, ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ದತ್ತಿ ಬಿಟ್ಟರು. ಕಲ್ಲಿನ ಮೇಲೆ ನಾಯಿಯು ಹಂದಿಯೊಡನೆ ಸೆಣಸುವ ಚಿತ್ರವಿದೆ. ಅಮೆರಿಕದ ನಾಯಿ ಹಂದಿಯನ್ನು ಒಡೆಯನಾಗೆಂದು ಬೇಡಿತು. ನಮ್ಮ ನಾಯಿ ಒಡೆಯನಿಗಾಗಿ ಹಂದಿಯೊಡನೆ ಸತ್ತಿತು. ಕಥೆಗಳು ಎಷ್ಟು ದೂರವೋ ಅಷ್ಟೇ ಹತ್ತಿರ.

ಚರಿತ್ರಕಾರರು ಈ ಶಾಸನವನ್ನು ತಕ್ಕೋಲದ ಯುದ್ಧಕ್ಕಾಗಿ ಓದುವರು, ಅದು ಯುಕ್ತವೇ. ನನ್ನ ಮನಸ್ಸನ್ನು ಹಿಡಿದುದು ಅದರ ಕೊನೆಯ ಕಟ್ಟಳೆ. ಆ ಭೂಮಿಯನ್ನು ಆಳುವ ಗೊರವನು ಈ ಕಲ್ಲನ್ನು ಪೂಜಿಸದೆ ಉಂಡನಾದರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುವುದಂತೆ. ನಾಯಿಯನ್ನು ಪೂಜಾರ್ಹವೆಂದು ನಿಲ್ಲಿಸಿದವರೇ ಅದರ ಪಾಪವನ್ನೂ ಮರೆಯಲಿಲ್ಲ! ಅದಿರಲಿ. ಕಟ್ಟಳೆಯ ತಿರುಳು ‘ಉಣ್ಣುವುದಕ್ಕೆ ಮೊದಲು’ ಎಂಬ ಮಾತಿನಲ್ಲಿದೆ.

ಇದು ಶಾಸನಗಳಲ್ಲಿ ಮಾತ್ರ ಕಾಣುವ ಭಾವನೆಯಲ್ಲ. ಗೃಹಸ್ಥನು ಉಣ್ಣುವ ಮೊದಲು ನಾಯಿಗೂ ಕಾಗೆಗೂ ನೆಲದ ಮೇಲೆ ಅನ್ನವಿಡಬೇಕೆಂದು ಮನುಸ್ಮೃತಿಯೂ ವಿಧಿಸುತ್ತದೆ. ಅದೇ ಸಾಲಿನಲ್ಲಿ ಸಮಾಜವು ಹೊರಗಿಟ್ಟ ಮನುಷ್ಯರನ್ನೂ ಸೇರಿಸಿದುದು ಆ ಗ್ರಂಥದ ಕಳಂಕ, ಅದನ್ನು ಮುಚ್ಚಿಡಬಾರದು. ಆದರೆ ನಾಯಿಯ ಮಟ್ಟಿಗೆ ಒಂದು ಮಾತು ಸ್ಪಷ್ಟ: ಅದಕ್ಕೆ ಒಬ್ಬ ಒಡೆಯನಿಲ್ಲದಿದ್ದರೂ ಅದರ ತುತ್ತಿಗೆ ಹೊಣೆಗಾರರಿದ್ದರು. ನನ್ನ ಬಾಲ್ಯದಲ್ಲಿ ಬೈಂದೂರಿನ ನಮ್ಮ ಮನೆಯ ಅಂಗಳಕ್ಕೆ ಊಟದ ಹೊತ್ತಿಗೆ ಸರಿಯಾಗಿ ಬಂದು ಕೂರುತ್ತಿದ್ದ ನಾಯಿಯನ್ನು ಯಾರದೆಂದು ಯಾರೂ ಕೇಳುತ್ತಿರಲಿಲ್ಲ. ಅದು ಊರನಾಯಿ. ಬೀದಿನಾಯಿ ಎಂಬ ಮಾತು ನಮಗೆ ತಿಳಿದುದು ಪೇಟೆಗೆ ಓದಲು ಹೋದ ಮೇಲೆ.

ಒಡೆಯನಿಲ್ಲದ ನಾಯಿ ಅಪರಾಧಿಯಾಗುವುದು ನಗರದಲ್ಲಿ. 1832ರಲ್ಲಿ ಮುಂಬಯಿಯ ಆಂಗ್ಲ ಅಧಿಕಾರಿಗಳು ಬೀದಿಯ ನಾಯಿಗಳನ್ನು ಕೊಲ್ಲಿಸಲು ತೊಡಗಿದಾಗ, ನಾಯಿಯನ್ನು ಪವಿತ್ರವೆಂದು ಭಾವಿಸುವ ಪಾರಸಿಗಳು ಬೀದಿಗಿಳಿದು ದಂಗೆ ಎದ್ದರು. ಪೇಟೆಯ ವ್ಯವಹಾರವೇ ನಿಂತುಹೋಯಿತು. ಅಧಿಕಾರಿಗಳ ಭಯವೂ ನಿರಾಧಾರವಾಗಿರಲಿಲ್ಲ. ಹುಚ್ಚುನಾಯಿಯ ಕಡಿತಕ್ಕೆ ಪಾಶ್ಚರನು ಮದ್ದು ಕಂಡುದು 1885ರಲ್ಲಿ. ಇಂದಿಗೂ ರೋಗಲಕ್ಷಣ ತೋರಿದ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ವಿರಳ. ಮಗುವನ್ನು ಶಾಲೆಗೆ ಕಳುಹಿಸುವ ತಾಯಿಯ ಅಂಜಿಕೆಯನ್ನು ನಾಯಿಯ ಮೇಲಣ ದಯೆಯ ಹೆಸರಿನಲ್ಲಿ ಹಗುರವಾಗಿ ಕಾಣುವುದು ವಿವೇಕವಲ್ಲ.

ಕೊಲ್ಲುವುದರ ಬದಲು ಸಂತಾನಹರಣ ಚಿಕಿತ್ಸೆ ಮಾಡಿ, ಚುಚ್ಚುಮದ್ದು ಕೊಟ್ಟು, ಹಿಡಿದ ಸ್ಥಳದಲ್ಲಿಯೇ ಬಿಡತಕ್ಕದ್ದೆಂದು ಭಾರತ ಸರ್ಕಾರವು 2001ರಲ್ಲಿ ನಿಯಮ ಮಾಡಿತು. 2023ರಲ್ಲಿ ಅದನ್ನು ಹೊಸದಾಗಿ ರಚಿಸಿತು. 2025ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಶಾಲೆ, ಆಸ್ಪತ್ರೆ, ಬಸ್ಸು ಮತ್ತು ರೈಲು ನಿಲ್ದಾಣ ಮೊದಲಾದೆಡೆಗಳಿಂದ ನಾಯಿಗಳನ್ನು ಹಿಡಿದು ಆಶ್ರಯಸ್ಥಾನಗಳಿಗೆ ಸಾಗಿಸಬೇಕೆಂದೂ, ಮರಳಿ ಅಲ್ಲಿಯೇ ಬಿಡಕೂಡದೆಂದೂ ಆಜ್ಞಾಪಿಸಿತು. ಆಜ್ಞೆಯ ಪಟ್ಟಿಯಲ್ಲಿ ರೈಲು ನಿಲ್ದಾಣವೆಂದು ಓದಿದಾಗ ಬೈಂದೂರಿನ ಕಂದು ನಾಯಿ ನನ್ನ ಕಣ್ಣ ಮುಂದೆ ಬಂದು ನಿಂತಿತು. ಆಶ್ರಯಸ್ಥಾನವೆಂಬುದು ನಿಜವಾದ ಆಶ್ರಯವಾದರೆ ಒಳ್ಳೆಯದೇ. ಅಲ್ಲಿ ಅನ್ನ ಹಾಕುವ ಕೈ ಯಾವುದೆಂಬುದೇ ಮುಖ್ಯ.

2022ರಲ್ಲಿ ಕಿರಣ್‌ರಾಜ್ ನಿರ್ದೇಶಿಸಿದ ‘777 ಚಾರ್ಲಿ’ ಎಂಬ ಕನ್ನಡ ಚಿತ್ರದಲ್ಲಿಯೂ ಕ್ರೂರಿಯೊಬ್ಬನ ಮನೆಯಿಂದ ತಪ್ಪಿಸಿಕೊಂಡ ನಾಯಿಯೊಂದು, ಯಾರೂ ಬೇಡವೆಂದು ಬದುಕುತ್ತಿದ್ದ ಒಬ್ಬನ ಬೆನ್ನು ಹತ್ತುತ್ತದೆ. ಆ ನಾಯಕನ ಹೆಸರು ಧರ್ಮ. ಹೆಸರನ್ನು ಕೇಳಿದೊಡನೆ ನಮ್ಮ ಜನರಿಗೆ ಮಹಾಪ್ರಸ್ಥಾನ ನೆನಪಾಗುವುದು ಸಹಜ. ವ್ಯಾಸಭಾರತವು ಮೊದಲಲ್ಲಿ ಜನಮೇಜಯನ ಸೋದರರಿಂದ ನಿಷ್ಕಾರಣವಾಗಿ ಪೆಟ್ಟು ತಿಂದ ಸರಮೆಯ ಮರಿಯನ್ನು ತೋರಿಸುತ್ತದೆ. ಕೊನೆಯಲ್ಲಿ, ಹಿಂಬಾಲಿಸಿ ಬಂದ ನಾಯಿಯನ್ನು ಬಿಟ್ಟು ಸ್ವರ್ಗವೂ ಬೇಡವೆಂದ ಧರ್ಮರಾಯನನ್ನು ತೋರಿಸುತ್ತದೆ. ಆ ನಾಯಿಯ ತಳಿ ಯಾವುದೆಂದು ಅವನು ಕೇಳಲಿಲ್ಲ. ತನ್ನನ್ನು ನಂಬಿ ಬಂದಿದೆ ಎಂಬುದಷ್ಟೇ ಅವನಿಗೆ ಸಾಕಾಗಿದ್ದಿತು.

ನಾವೆಲ್ಲರೂ ಧರ್ಮರಾಯರಾಗುವುದು ಸಾಧ್ಯವಿಲ್ಲ. ಪ್ರತಿಯೊಂದು ನಾಯಿಯನ್ನೂ ಮನೆಯೊಳಗೆ ಕರೆದುಕೊಳ್ಳುವುದೂ ಸಾಧ್ಯವಿಲ್ಲ. ಆದರೆ ಊರಿನ ನಾಯಿಗೆ ಚುಚ್ಚುಮದ್ದು ಹಾಕಿಸುವುದು, ಅದರ ಸಂತತಿಗೆ ಮಿತಿ ಕಲ್ಪಿಸುವುದು, ಒಂದು ಗೊತ್ತಾದ ಜಾಗದಲ್ಲಿ ತುತ್ತು ಅನ್ನವಿಡುವುದು, ಇವು ಪಂಚಾಯಿತಿಗೂ ಬೀದಿಯವರಿಗೂ ಮೀರಿದ ಕೆಲಸಗಳಲ್ಲ. ಇವುಗಳಿಂದ ಮಗುವಿಗೂ ಕ್ಷೇಮ, ನಾಯಿಗೂ ಕ್ಷೇಮ. ಆತಕೂರಿನ ಗೊರವನಿಗೆ ವಿಧಿಸಿದ ಕಟ್ಟಳೆಯನ್ನು ನಮ್ಮ ಪಾಲಿಗೆ ಹೀಗೆ ಓದಿಕೊಂಡರೆ ಆ ಕಲ್ಲಿಗೆ ಅಪಚಾರವಾಗದೆಂದು ನನ್ನ ನಂಬಿಕೆ. ಮುಂದಿನ ಸಲ ಬೈಂದೂರಿನಲ್ಲಿ ಇಳಿದಾಗ ಆ ಕಂದು ನಾಯಿ ಅಲ್ಲಿರುವುದೋ ಇಲ್ಲವೋ. ಇದ್ದರೆ, ಈ ಸಲ ನಾನು ತಿರುಗಿ ನೋಡುವೆನು.