ಪೇಟೆಯ ಧಾರಣೆಯೂ ದಾಸೋಹದ ಧರ್ಮವೂ

ಮೈಸೂರು ನಗರದ ಪಶ್ಚಿಮಕ್ಕೆ, ಗದ್ದಿಗೆಯ ಕಡೆಗೆ ಹೋಗುವ ಹಾದಿಯಲ್ಲಿರುವ ಬೋಗಾದಿಯು ಬಹುಕಾಲ ನಗರದ ಹೊರಗಣ ಒಂದು ಹಳ್ಳಿಯಾಗಿದ್ದಿತು. 1960ರಲ್ಲಿ ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯು ಅದರ ಮಗ್ಗುಲಿಗೆ ಬಂದು ನೆಲೆಗೊಂಡಿತು. ಅನಂತರ ಬಡಾವಣೆಗಳು ಒಂದೊಂದಾಗಿ ಎದ್ದುವು. 2020ರಲ್ಲಿ ಊರಿಗೆ ಪಟ್ಟಣ ಪಂಚಾಯಿತಿಯ ಪದವಿಯೂ ದೊರೆಯಿತು. ಎಕರೆ ಗುಂಟೆಗಳಲ್ಲಿ ಅಳೆಯಲ್ಪಡುತ್ತಿದ್ದ ನೆಲವು ಈಗ ಚದರಡಿಯ ಲೆಕ್ಕದಲ್ಲಿ ವಿಕ್ರಯವಾಗುತ್ತಿರುವುದು. ಹಿರಿಯರ ಹೊಲಕ್ಕೆ ಇಷ್ಟು ಬೆಲೆ ಬಂದುದು ಒಕ್ಕಲಿನ ಮನೆಗೆ ಐಶ್ವರ್ಯವೆ, ಅಥವಾ ಒಮ್ಮೆ ಮಾತ್ರ ತುಂಬಿ ಬರಿದಾಗುವ ಕಣಜವೆ? ಇಂಥ ಪ್ರಶ್ನೆಯು ಬೋಗಾದಿಗೆ ಮಾತ್ರ ಹುಟ್ಟಿದುದಲ್ಲ, ಈ ಕಾಲದಲ್ಲಿ ಮಾತ್ರ ಹುಟ್ಟಿದುದೂ ಅಲ್ಲ. ಮೈಸೂರು ಸೀಮೆಯ ಬಡತನದ ಚರಿತ್ರೆಯನ್ನು ಪರ್ಯಾಲೋಚಿಸುವವರಿಗೆ ಎರಡು ಶಕ್ತಿಗಳು ಎಡೆಬಿಡದೆ ಕಾಣುತ್ತವೆ. ಒಂದು ಪೇಟೆಯ ಧಾರಣೆ, ಮತ್ತೊಂದು ಉಳ್ಳವರ ಮನಸ್ಸಿನ ಧರ್ಮ. ಇವೆರಡೂ ಯಾರನ್ನು ಕಂಡುವು, ಯಾರನ್ನು ಕಾಣದೆ ಹೋದುವು ಎಂಬುದೇ ಇಲ್ಲಿ ವಿಚಾರಾರ್ಹವಾದ ವಿಷಯ.

ಈ ಸೀಮೆಯ ಹಿರಿಯರು ಧಾತು ಈಶ್ವರ ಸಂವತ್ಸರಗಳ ಬರವೆಂದು ಹೇಳುತ್ತಿದ್ದ ಮಹಾಕ್ಷಾಮವು ಕ್ರಿ.ಶ. 1876ರಿಂದ 1878ರ ವರೆಗೆ ನಡೆಯಿತು. ಆಗ ಸಂಸ್ಥಾನವು ಇಂಗ್ಲಿಷ್ ಕಮಿಷನರುಗಳ ಆಡಳಿತದಲ್ಲಿದ್ದಿತು. ಚಾಮರಾಜೇಂದ್ರ ಒಡೆಯರವರು ಇನ್ನೂ ಅಪ್ರಾಪ್ತವಯಸ್ಕರು. 1871ರ ಜನಗಣನೆಯಲ್ಲಿ ಸಂಸ್ಥಾನದ ಜನಸಂಖ್ಯೆಯು ಸುಮಾರು 50 ಲಕ್ಷ 55 ಸಾವಿರವಿದ್ದುದು 1881ರ ಗಣನೆಯಲ್ಲಿ ಸುಮಾರು 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. ಹತ್ತು ವರ್ಷಗಳಲ್ಲಿ ಹುಟ್ಟಿದ ಮಕ್ಕಳನ್ನೂ ಸೇರಿಸಿಕೊಂಡ ಲೆಕ್ಕವಿದು ಎಂಬುದನ್ನು ನೆನೆದರೆ ಅಳಿದವರ ಸಂಖ್ಯೆಯು ಈ ಎರಡು ಅಂಕೆಗಳ ಅಂತರಕ್ಕಿಂತಲೂ ಮಿಗಿಲೆಂಬುದು ತಾನೇ ತಿಳಿಯುವುದು.

ಮಳೆ ಹೋಯಿತು, ಬೆಳೆ ಹೋಯಿತು, ಜನ ಸತ್ತರು ಎಂದು ಮೂರು ಮಾತಿನಲ್ಲಿ ಇದನ್ನು ಮುಗಿಸುವವರುಂಟು. ಆದರೆ ವಿಷಯವು ಅಷ್ಟು ಸರಳವಾದುದಲ್ಲ. ರಾಗಿಯು ನೆಲದೊಳಗಣ ಹಗೇವಿನಲ್ಲಿ ವರ್ಷಾನುವರ್ಷ ಕೆಡದೆ ನಿಲ್ಲತಕ್ಕ ಧಾನ್ಯ. ಒಂದು ವರ್ಷದ ಅನಾವೃಷ್ಟಿಯನ್ನು ತಾಳಿಕೊಳ್ಳುವುದಕ್ಕೆ ನಮ್ಮ ಪೂರ್ವಿಕರು ಮಾಡಿಕೊಂಡಿದ್ದ ಉಪಾಯವೇ ಅದು. ಆದರೆ ಹಗೇವು ಇದ್ದುದು ಹೊಲವಿದ್ದವರಿಗೆ. ಕೂಲಿಯ ಆಳಿಗೆ ಹಗೇವಿಲ್ಲ. ನೇಯುವವನಿಗೆ, ಚರ್ಮ ಹದಮಾಡುವವನಿಗೆ, ಗಡಿಗೆ ಮಾಡುವವನಿಗೆ ಹಗೇವಿಲ್ಲ. ಇವರೆಲ್ಲರೂ ತಮ್ಮ ಕೈಕೆಲಸವನ್ನು ಮಾರಿ ಕಾಳನ್ನು ಕೊಳ್ಳುವವರು. ಬೆಳೆ ಕೆಟ್ಟ ಒಕ್ಕಲಿಗನು ಮೊದಲು ನಿಲ್ಲಿಸುವುದು ಹೊಸ ಬಟ್ಟೆಯನ್ನು. ಆ ಕ್ಷಣದಲ್ಲಿಯೇ ಮಗ್ಗವು ನಿಂತುಹೋಗುವುದು. ಅತ್ತ ಕಾಳಿನ ಧಾರಣೆಯು ಏರುವುದು. ಹೀಗೆ ನೇಕಾರನು ಎರಡು ಕಡೆಯಿಂದಲೂ ಹತನಾದನು. ಸಾಲದುದಕ್ಕೆ, ಅದೇ ವರ್ಷಗಳಲ್ಲಿ ಹಿಂದುಸ್ತಾನದ ಬಂದರುಗಳಿಂದ ಗೋಧಿಯು ಇಂಗ್ಲೆಂಡಿಗೆ ರಫ್ತಾಗುತ್ತಲೇ ಇದ್ದಿತು! ಕೊಳ್ಳತಕ್ಕವನ ಕೈಯಲ್ಲಿ ಹಣವಿದ್ದ ಕಡೆಗೆ ಧಾನ್ಯವು ಹರಿಯುವುದೇ ಪೇಟೆಯ ಸ್ವಭಾವ. ಹಸಿವನ್ನು ಅದು ಅರಿಯದು, ಗಿರಾಕಿಯನ್ನು ಮಾತ್ರ ಅರಿಯುವುದು. ಅರ್ಥಶಾಸ್ತ್ರಜ್ಞರಾದ ಅಮರ್ತ್ಯ ಸೇನರು 1943ರ ಬಂಗಾಳದ ಕ್ಷಾಮವೇ ಮೊದಲಾದವನ್ನು ಪರಿಶೀಲಿಸಿ 1981ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕ್ಷಾಮವೆಂಬುದು ಧಾನ್ಯವಿಲ್ಲದಿರುವುದಕ್ಕಿಂತ ಧಾನ್ಯವನ್ನು ಪಡೆಯುವ ಅಧಿಕಾರವು ಕೆಲವರ ಕೈತಪ್ಪಿಹೋಗುವುದೆಂದು ಪ್ರತಿಪಾದಿಸಿರುವರು. ಮೈಸೂರಿನ ನೇಕಾರನು ಇದನ್ನು ಶಾಸ್ತ್ರವಿಲ್ಲದೆಯೇ ಅನುಭವಿಸಿದ್ದನು.

ಹಾಗಾದರೆ ದೊರೆತನವೇನು ಮಾಡುತ್ತಿತ್ತು? ಗವರ್ನರ್ ಜನರಲ್ ಲಾರ್ಡ್ ಲಿಟನ್ನರ ಸರಕಾರವು ಧಾನ್ಯದ ವ್ಯಾಪಾರದಲ್ಲಿ ಕೈಹಾಕಕೂಡದೆಂಬ ತತ್ತ್ವವನ್ನು ವೇದವಾಕ್ಯದಂತೆ ಹಿಡಿದಿದ್ದಿತು. ಇದೂ ಒಂದು ಬಗೆಯ ನಂಬಿಕೆಯೇ ಎಂಬುದನ್ನು ಮರೆಯಲಾಗದು. ಪೇಟೆಯು ತನ್ನಷ್ಟಕ್ಕೆ ತಾನು ಎಲ್ಲವನ್ನೂ ಸರಿಮಾಡುವುದೆಂಬುದು ಅವರ ಶ್ರದ್ಧೆ. ಪರಿಹಾರ ಕಾಮಗಾರಿಗಳಿಗೆ ಬಂದವರು ಸೋಮಾರಿಗಳಾಗಬಾರದೆಂಬ ಚಿಂತೆ ಅವರಿಗೆ ಬಲವಾಗಿದ್ದಿತು. 1877ರಲ್ಲಿ ಮದರಾಸು ಪ್ರಾಂತ್ಯಕ್ಕೆ ಬಂದ ಸರ್ ರಿಚರ್ಡ್ ಟೆಂಪಲ್ಲರು ಕೆಲಸಗಾರನ ದಿನದ ಧಾನ್ಯವನ್ನು ಒಂದೂವರೆ ಪೌಂಡಿನಿಂದ ಒಂದು ಪೌಂಡಿಗೆ ಇಳಿಸಿದರು. ಅಷ್ಟರಲ್ಲಿ ದುಡಿಯುವ ದೇಹವು ನಿಲ್ಲದೆಂದು ಅಲ್ಲಿಯ ವೈದ್ಯಾಧಿಕಾರಿ ಕಾರ್ನಿಷರು ಪ್ರತಿಭಟಿಸಿದರು. ಅದೇ ವರ್ಷ ಲಂಡನ್ನಿನ ಲಾರ್ಡ್ ಮೇಯರರು ಜನರಿಂದ ಚಂದಾ ಎತ್ತಿ ಒಂದು ನಿಧಿಯನ್ನು ಕೂಡಿಸಿದರು. ಈ ನಿಧಿಯ ವಿನಿಯೋಗದಲ್ಲಿ ಒಂದು ವಿವೇಕವಿದ್ದುದನ್ನು ಗಮನಿಸಬೇಕು. ಅದರ ಬಹುಭಾಗವು ಗಂಜಿಗೆ ಹೋಗದೆ ಬಿತ್ತನೆಯ ಬೀಜಕ್ಕೂ, ಎತ್ತಿಗೂ, ಬಟ್ಟೆಗೂ, ಬಿದ್ದ ಮನೆಯ ಹೊದಿಕೆಗೂ ಹೋಯಿತು. ಬದುಕಿ ಉಳಿದವನು ಮರಳಿ ಉಳುವಂತಾದನು. ಕ್ಷಾಮದ ಕಾಲದಲ್ಲಿ ಕೈಗೊಂಡ ರೈಲು ಮಾರ್ಗವು 1882ರಲ್ಲಿ ಮೈಸೂರನ್ನು ಮುಟ್ಟಿತು. ಅಷ್ಟರೊಳಗೆ, 1881ರಲ್ಲಿ, ರಾಜ್ಯವನ್ನು ಒಡೆಯರವರಿಗೆ ಹಿಂದಿರುಗಿಸಿದ್ದರು. ಅದರೊಡನೆ ಹಿಂದುಸ್ತಾನ ಸರಕಾರಕ್ಕೆ ತೀರಿಸಬೇಕಾದ 80 ಲಕ್ಷ ರೂಪಾಯಿಗಳ ಬರದ ಸಾಲವೂ ಬಂದಿತು.

ಇಷ್ಟನ್ನು ಹೇಳಿದ ಮೇಲೆ ದಾಸೋಹದ ವಿಚಾರಕ್ಕೆ ಬರಬಹುದು. ಅನ್ನವಿಲ್ಲದವನಿಗೆ ಅನ್ನವಿಕ್ಕುವುದೇ ದಾಸೋಹವೆಂದು ಸಾಮಾನ್ಯವಾಗಿ ತಿಳಿಯುವುದುಂಟು. ಅದು ಅರ್ಧ ಮಾತ್ರ. ಶರಣರು ಕಾಯಕವನ್ನು ಬಿಟ್ಟು ದಾಸೋಹವನ್ನು ಹೇಳಲಿಲ್ಲ. ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ಭಕ್ತರೆಲ್ಲರೂ ಬಲ್ಲರು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದರೆ, ಆ ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಬೇಕೆಂದು ಮಡದಿ ಲಕ್ಕಮ್ಮನವರು ಹಿಂದಕ್ಕೆ ಕಳುಹಿದರು. ಈ ಕಥೆಯಲ್ಲಿ ದಾನಿಯೂ ಇಲ್ಲ, ದೀನನೂ ಇಲ್ಲ ಎಂಬುದು ವಿಶೇಷ. ಆಯುವವನು ಭಿಕ್ಷುಕನಲ್ಲ, ಕಾಯಕಜೀವಿ. ಹೆಚ್ಚು ಬೇಡವೆನ್ನುವ ಅಧಿಕಾರವು ಬಡವರ ಮನೆಯಲ್ಲಿದೆ, ಸಿರಿವಂತರ ಮನೆಯಲ್ಲಿಲ್ಲ. ಟೆಂಪಲ್ಲರೂ ಕಡಿಮೆ ಸಾಕೆಂದವರೇ; ಆದರೆ ಅವರು ಅದನ್ನು ಹೇಳಿದುದು ಇನ್ನೊಬ್ಬರ ತಟ್ಟೆಯನ್ನು ನೋಡಿ. ಲಕ್ಕಮ್ಮನವರು ಹೇಳಿದುದು ತಮ್ಮ ಮಡಕೆಯನ್ನು ನೋಡಿ.

ವ್ಯಾಪಾರದಲ್ಲಿಯೇ ಬೆಳೆದ ಸಂಪತ್ತನ್ನು ಧರ್ಮಕ್ಕೆ ತಿರುಗಿಸಿದವರ ಹೆಸರು ಈ ಸೀಮೆಯಲ್ಲಿ ಹಲವು. ಅವರೊಳಗೆ ಗುಬ್ಬಿ ತೋಟದಪ್ಪನವರದು (1838–1910) ಎದ್ದು ಕಾಣುವುದು. ಬೆಂಗಳೂರಿನ ಮಾಮೂಲ್ ಪೇಟೆಯ ಅಂಗಡಿಯಲ್ಲಿ ಗಳಿಸಿದುದನ್ನು ಅವರು ರೈಲು ನಿಲ್ದಾಣದೆದುರಿನ ಛತ್ರಕ್ಕೆ ಹಾಕಿದರು. 1903ರಲ್ಲಿ ಅದು ತೆರೆಯಿತು. ಪ್ರವಾಸಿಗೆ ತಂಗುವ ಸ್ಥಳ, ಓದುವ ಹುಡುಗರಿಗೆ ಊಟ ವಸತಿ. ರೈಲು ಬಂದುದರಿಂದ ಪೇಟೆಯು ಹೇಗೆ ಬೆಳೆಯುವುದು, ಅದೇ ರೈಲಿನಲ್ಲಿ ಹಳ್ಳಿಯ ಹುಡುಗನು ಬರಿಗೈಯಲ್ಲಿ ಹೇಗೆ ಬಂದಿಳಿಯುವನು ಎಂಬುದನ್ನು ವ್ಯಾಪಾರಿಯ ಕಣ್ಣೇ ಕಂಡಿತು. ಈ ದೃಷ್ಟಿಯು ಬರಿಯ ಪುಣ್ಯಾಪೇಕ್ಷೆಯಿಂದ ಬರತಕ್ಕುದಲ್ಲ. ತುಮಕೂರಿನ ಸಿದ್ಧಗಂಗೆಯಲ್ಲಿ ಉದ್ದಾನ ಶಿವಯೋಗಿಗಳ ಕಾಲದಿಂದ ನಡೆದುಬಂದ ಅನ್ನ-ವಿದ್ಯೆಗಳ ವ್ಯವಸ್ಥೆಯೂ, ಸುತ್ತೂರು ಮಠದ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳವರು 1941ರ ಸುಮಾರಿಗೆ ಮೈಸೂರಿನಲ್ಲಿ ಆರಂಭಿಸಿದ ಉಚಿತ ವಿದ್ಯಾರ್ಥಿನಿಲಯವೂ ಇದೇ ಜಾಡಿನವು. ಮಧ್ಯಾಹ್ನ ಉಂಡ ಅನ್ನವು ಸಂಜೆಗೆ ಜೀರ್ಣವಾಗುವುದು. ಹತ್ತು ವರ್ಷ ಉಂಡು ಓದಿದ ಹುಡುಗನು ಗುಮಾಸ್ತನೋ ಉಪಾಧ್ಯಾಯನೋ ಆಗಿ ತನ್ನ ಮನೆಯ ಸಾಲವನ್ನು ತೀರಿಸುವನು. 1918ರಲ್ಲಿ ಕೃಷ್ಣರಾಜ ಒಡೆಯರವರು ನೇಮಿಸಿದ ಮಿಲ್ಲರ್ ಸಮಿತಿಯು ಸರಕಾರಿ ನೌಕರಿಯ ಬಾಗಿಲನ್ನು ಹಿಂದುಳಿದವರಿಗೆ ತೆರೆಯಬೇಕೆಂದು ಸಲಹೆಮಾಡಿದಾಗ, ಒಳಗೆ ಹೋಗಲು ಓದಿದ ಹುಡುಗರು ಬೇಕಾಗಿದ್ದಿತು. ಅಂಥವರನ್ನು ಸಿದ್ಧಮಾಡಿದುದು ಈ ನಿಲಯಗಳು.

ಆದರೆ ಇಲ್ಲಿ ಒಂದು ಕಹಿಯಾದ ಮಾತನ್ನು ಮುಚ್ಚಿಡುವುದು ಚರಿತ್ರೆಗೆ ತಕ್ಕುದಲ್ಲ. ಆ ಕಾಲದ ವಿದ್ಯಾರ್ಥಿನಿಲಯಗಳಲ್ಲಿ ಅನೇಕವು ಒಂದೊಂದು ಜಾತಿಗೆ ಮೀಸಲಾಗಿದ್ದುವು. ಪ್ರತಿಯೊಂದು ಸಮಾಜದ ಧನಿಕನೂ ತನ್ನವರ ಬಡತನವನ್ನು ಕಂಡನು. ಧನಿಕರೇ ಇಲ್ಲದ ಸಮಾಜದ ಬಡತನವನ್ನು ಕಾಣತಕ್ಕವರು ಯಾರು? ಪೇಟೆಯು ಹಣವಿದ್ದವನನ್ನು ಮಾತ್ರ ಕಾಣುವಂತೆ, ದಾನವು ದಾನಿಯ ಮನಸ್ಸಿಗೆ ಹತ್ತಿರವಾದವನನ್ನು ಮಾತ್ರ ಕಾಣುವುದು. ಈ ಎರಡು ಕಣ್ಣುಗಳಿಗೂ ಬೀಳದವನ ಬಡತನವೇ ಕಡುಬಡತನ. ಸಿದ್ಧಗಂಗೆಯಂಥ ಮಠಗಳು ಜಾತಿಮತಗಳನ್ನು ಕೇಳದೆ ಎಲ್ಲ ಮಕ್ಕಳಿಗೂ ಪಂಕ್ತಿಯನ್ನು ತೆರೆದುದರ ಮಹತ್ತ್ವವು ಇಲ್ಲಿದೆ. ಬಡಿಸಿದ ಅನ್ನದ ಪ್ರಮಾಣದಲ್ಲಿ ಅಲ್ಲ.

ದಾನವೂ ಅಲ್ಲದ, ಬರಿಯ ಪೇಟೆಯೂ ಅಲ್ಲದ ಮೂರನೆಯ ಮಾರ್ಗವೊಂದನ್ನು ಕನ್ನಡನಾಡು ಬಹು ಬೇಗ ಹಿಡಿಯಿತು. ರೈತನ ಕೊರಳಿಗೆ ಬಿಗಿದಿದ್ದುದು ಸಾಹುಕಾರನ ಬಡ್ಡಿ. ದಿವಾನ್ ಶೇಷಾದ್ರಿ ಅಯ್ಯರವರು 1894ರಲ್ಲಿ ಸರಕಾರದ ಹಣದಿಂದ ವ್ಯವಸಾಯ ಬ್ಯಾಂಕುಗಳನ್ನು ಸ್ಥಾಪಿಸಿದರು, ಅವು ಊರ್ಜಿತವಾಗಲಿಲ್ಲ. ಮದರಾಸಿನ ಅಧಿಕಾರಿ ನಿಕಲ್ಸನ್ನರು ಜರ್ಮನಿಯ ರೈಫೈಸನ್ನರ ಗ್ರಾಮಸಂಘಗಳನ್ನು ಅಧ್ಯಯನಮಾಡಿ, ಇಲ್ಲಿಗೂ ಅಂಥ ಪುರುಷನು ಬೇಕೆಂದು ವರದಿಮಾಡಿದರು. 1904ರಲ್ಲಿ ಸಹಕಾರ ಶಾಸನವಾಯಿತು. ಮರುವರ್ಷವೇ ಗದಗಿನ ಸಮೀಪದ ಕಣಗಿನಹಾಳದಲ್ಲಿ ಶ್ರೀ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘವನ್ನು ಕಟ್ಟಿದರು. ಆ ಶಾಸನದ ಮೇರೆಗೆ ಹಿಂದುಸ್ತಾನದಲ್ಲಿ ಹುಟ್ಟಿದ ಮೊದಲ ವ್ಯವಸಾಯ ಪತ್ತಿನ ಸಂಘವೆಂದು ಅದಕ್ಕೆ ಪ್ರಸಿದ್ಧಿ. ಮೈಸೂರು ಸಂಸ್ಥಾನವೂ ಅದೇ 1905ರಲ್ಲಿ ತನ್ನ ಸಹಕಾರ ಕಾನೂನನ್ನು ಮಾಡಿತು. ಶೇಷಾದ್ರಿ ಅಯ್ಯರವರ ಬ್ಯಾಂಕಿಗೂ ಪಾಟೀಲರ ಸಂಘಕ್ಕೂ ಇದ್ದ ಭೇದವೇನು? ಮೊದಲನೆಯದರಲ್ಲಿ ಹಣವು ಸರಕಾರದ್ದು, ತೀರಿಸದಿದ್ದರೆ ನಷ್ಟವೂ ಸರಕಾರದ್ದು. ಎರಡನೆಯದರಲ್ಲಿ ಸಾಲಗಾರನು ಮೋಸಮಾಡಿದರೆ ನೆರೆಯವನ ಹಣ ಹೋಗುವುದು. ಮರುದಿನ ಬಾವಿಯ ಕಟ್ಟೆಯ ಮೇಲೆ ಅದೇ ನೆರೆಯವನ ಮುಖವನ್ನು ನೋಡಬೇಕು! ಸತ್ಯಕ್ಕೆ ಬಡ್ಡಿಯ ದರವನ್ನು ಇಳಿಸುವ ಶಕ್ತಿಯುಂಟೆಂಬುದು ಇಲ್ಲಿ ಪ್ರತ್ಯಕ್ಷವಾಯಿತು. ಮುಂದೆ ಎಷ್ಟೋ ಸಂಘಗಳು ಬಲಿಷ್ಠರ ಕೈವಶವಾಗಿ ಕೆಟ್ಟುವು. ಅದು ಬೇರೆ ಕಥೆ.

ಇನ್ನು ಬೋಗಾದಿಯ ನೆಲದ ಪ್ರಶ್ನೆ. 1974ರ ಭೂಸುಧಾರಣೆಯು ಉಳುವವನನ್ನು ಒಡೆಯನನ್ನಾಗಿ ಮಾಡಿತು. 2020ರ ತಿದ್ದುಪಡಿಯು ಬೇಸಾಯಗಾರನಲ್ಲದವನೂ ಹೊಲವನ್ನು ಕೊಳ್ಳಬಹುದೆಂದಿತು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಭಾಗವನ್ನು ಕರ್ನಾಟಕವು 1994ರಲ್ಲಿಯೇ ವಿಧಿಸಿದೆ. ನಗರದಂಚಿನ ಒಕ್ಕಲು ಮನೆತನವು ಹೊಲವನ್ನು ಮಾರುವಾಗ ಪೇಟೆಯು ನಿಶ್ಚಯಿಸುವುದು ಬೆಲೆಯನ್ನು ಮಾತ್ರ. ಆ ಹಣದಲ್ಲಿ ಮಗಳಿಗೆ ಪಾಲು ಬಂದಿತೆ ಅಥವಾ ಅವಳ ರುಜು ಮಾತ್ರ ಬಂದಿತೆ, ಅದು ಮದುವೆಯ ಚಪ್ಪರಕ್ಕೆ ಹೋಯಿತೆ ಮಕ್ಕಳ ಓದಿಗೆ ಹೋಯಿತೆ, ಮಾರಿದ ಹೊಲದಲ್ಲಿ ಕಳೆ ಕೀಳುತ್ತಿದ್ದ ಆಳಿಗೆ ಒಂದು ಕಾಸಾದರೂ ಸಂದಿತೆ ಎಂಬುದೆಲ್ಲ ಮನೆಯೊಳಗಣ ಧರ್ಮಕ್ಕೆ ಸೇರಿದ್ದು. ಆ ಆಳಿಗೆ ಕ್ರಯಪತ್ರದಲ್ಲಿ ಹೆಸರಿಲ್ಲ. ಹೊಲ ಹೋದೊಡನೆ ಅವನ ಕೂಲಿಯೂ ಹೋಯಿತು.

ಆ ನೆಲದ ಮೇಲೆ ಮನೆಗಳನ್ನು ಎಬ್ಬಿಸುವವರೂ ಕೂಲಿಯವರೇ. ದೂರದ ಜಿಲ್ಲೆಗಳಿಂದ ಬಂದು, ಕಟ್ಟಡದ ಪಕ್ಕದಲ್ಲಿ ತಗಡಿನ ಗುಡಿಸಲು ಹಾಕಿಕೊಂಡು, ಗೃಹಪ್ರವೇಶಕ್ಕೆ ಮೊದಲೇ ಗಂಟುಮೂಟೆ ಕಟ್ಟುವ ಜನ. ಇವರಿಗಾಗಿ 1996ರಲ್ಲಿ ಶಾಸನವಾಗಿದೆ. ಕಟ್ಟಡದ ವೆಚ್ಚದಲ್ಲಿ ನೂರಕ್ಕೆ ಒಂದರಂತೆ ಸೆಸ್ ಎತ್ತಿ ಅದನ್ನು ಕಲ್ಯಾಣ ಮಂಡಲಿಯ ನಿಧಿಗೆ ಸೇರಿಸುವ ವ್ಯವಸ್ಥೆಯೂ ಇದೆ. ಆ ನಿಧಿಯಿಂದ ಸಹಾಯ ಪಡೆಯಬೇಕಾದರೆ ಹಿಂದಿನ ಹನ್ನೆರಡು ತಿಂಗಳಲ್ಲಿ ತೊಂಬತ್ತು ದಿನ ದುಡಿದುದಕ್ಕೆ ಪ್ರಮಾಣಪತ್ರ ಬೇಕು. ಇಪ್ಪತ್ತು ದಿನ ಒಂದು ಮನೆ, ಹದಿನೈದು ದಿನ ಇನ್ನೊಂದು ಮನೆ ಎಂದು ತಿರುಗುವ ಗಾರೆಯವನ ಹೆಂಡತಿಗೆ, ಮಣ್ಣು ಹೊತ್ತವಳಿಗೆ, ಆ ಕಾಗದಕ್ಕೆ ರುಜು ಹಾಕುವವರು ಯಾರು? ಮೇಸ್ತ್ರಿಯು ಊರು ಬಿಟ್ಟಿರುತ್ತಾನೆ. ಮನೆಯ ಯಜಮಾನರು ಅವಳ ಹೆಸರನ್ನು ಕೇಳಿರುವುದಿಲ್ಲ.